ಮರವಜ್ರ

ಕಾಟನ್‌ಪೇಟೆಯಿಂದ ಆಟೋದಲ್ಲಿ ಬಂತು
ಸುರುಳಿ ಸುತ್ತಿದ ಪರದೆ,
ಒಂದು ತುದಿ ರಸ್ತೆಗೆ ಚಾಚಿಕೊಂಡು.
ಜೊತೆಗೆ ಇಂದ್ರಾಣಮ್ಮ:
"ಮಾವನವರ ಸ್ಟುಡಿಯೋದ್ದು. ಎಲೆ ಉದುರ್ತಿದೆ."

ಎಲೆಯೇ. ಮೇಜಿನುದ್ದ ಬಿಚ್ಚಿದರೆ ತೋಟ:
ಸೀಮೆಸುಣ್ಣದ ಮೆಟ್ಟಿಲು, ಕೆಮ್ಮಣ್ಣಿನ ಕುಂಡ,
ಕಾಡಿಗೆಯ ನೆರಳು.
ಮುಟ್ಟಿದರೆ ಬೆರಳಿಗೆ ಚೂರು ಪುಡಿ, ಅಷ್ಟೆ.
ಹಸಿರಿದ್ದಲ್ಲಿ ಮಾತ್ರ ತೂತು,
ಎಲೆಯ ಆಕಾರದ್ದೇ,
ಅಂಚು ಸುಟ್ಟ ಬೆಲ್ಲದ ಹಾಗೆ.

ಅಂಟು ಎಲ್ಲಕ್ಕೂ ಒಂದೇ.
ಟ್ಯಾನರಿ ರೋಡಿನ ಯಾವುದೋ ಹಂಡೆಯಲ್ಲಿ
ಎಮ್ಮೆಯ ತೊಗಲು ಕುದಿಸಿ, ಬಸಿದು,
ನೆರಳಲ್ಲಿ ಒಣಗಿಸಿದ ಬಿಲ್ಲೆ.
ಬಡಗಿಗಳ ಬಾಯಲ್ಲಿ ಅದು ವಜ್ರ.
ಸುಣ್ಣದ ಮಗ್ಗುಲಲ್ಲಿ ತೊಂಬತ್ತು ವರ್ಷ ತಣ್ಣಗೆ ಮಲಗಿದ್ದು
ತಾಮ್ರದ ಮಗ್ಗುಲಲ್ಲಿ ನಿದ್ದೆಗೆಟ್ಟಿದೆ.
ಕಿಲುಬು ಹಿಡಿಯುತ್ತದೆಂದು ನಮ್ಮಜ್ಜಿ
ವರ್ಷಕ್ಕೊಮ್ಮೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದಳು.
ಎಲೆಗೆ ಯಾರು ಹಾಕಿಸಬೇಕಿತ್ತು?

ಗಾಜಿನ ತುಂಡುಗಳ ಮೇಲೆ ಅದೇ ಬಣ್ಣ, ಅದೇ ಅಂಟು ಬಳಿದು
ಓವನ್ನಿಗಿಟ್ಟೆ, ಎಂಬತ್ತು ಡಿಗ್ರಿ, ನಲವತ್ತು ದಿನ.
ಮುಪ್ಪಿನ ಪೆಟ್ಟಿಗೆ ಅನ್ನುತ್ತಾನೆ ಅಟೆಂಡರ್ ಪಿಳ್ಳಪ್ಪ.
ಕರೆಂಟು ಹೋದ ದಿನ ರಿಜಿಸ್ಟರಿನಲ್ಲಿ ಬರೆದ:
"ಬುಧವಾರ, ಎರಡು ಗಂಟೆ ಕಾಲ ವಯಸ್ಸಾಗಲಿಲ್ಲ."

ಆಮೇಲೆ ಬೆಚ್ಚನೆ ನೀರು.
ಸುಣ್ಣದ್ದು ಉಬ್ಬಿತು, ಸಡಿಲಿತು, ಬಿಟ್ಟುಕೊಟ್ಟಿತು.
ಕೆಮ್ಮಣ್ಣು ಸ್ವಲ್ಪ ಬಿಗುಮಾನ ಮಾಡಿ ಒಪ್ಪಿತು.
ಹಸಿರು ಜಪ್ಪಯ್ಯ ಅಂದರೂ ಇಲ್ಲ.
ನೀರಿನ ಗುರುತೇ ಹತ್ತದಷ್ಟು ಬಿಗಿದುಕೊಂಡಿತ್ತು.
ಸೂಜಿಮೊನೆ ತಾಗಿಸಿದೆ,
ಚಟ್ ಅಂತ ಸಿಡಿಯಿತು.
ವರದಿಯಲ್ಲಿ ಇದನ್ನು ಬೇರೆ ಮಾತಲ್ಲಿ ಬರೆದಿದ್ದೇನೆ.

"ಯಾವ ಹಸಿರು ಅಂತ ಗೊತ್ತಾದರೆ ತುಂಬಿಸಬಹುದಲ್ಲ?"
ಇಂದ್ರಾಣಮ್ಮ ಬಿಸ್ಕತ್ತಿನ ಡಬ್ಬ ತೆರೆದರು.
ಮದುವಣಗಿತ್ತಿಯರು, ಪೊಲೀಸ್ ಪೇದೆ, ಮಿಲ್ಲಿನ ಫುಟ್‌ಬಾಲ್ ತಂಡ,
ಎಲ್ಲರೂ ತೋಟಕ್ಕೆ ಬೆನ್ನು ಹಾಕಿ,
ಎಲ್ಲವೂ ಕಪ್ಪು ಬಿಳುಪು.
ಎಲೆಯೂ ಬೂದಿ, ಮೆಟ್ಟಿಲೂ ಬೂದಿ.

ತಳದಲ್ಲಿ ಒಂದು ಸಿಕ್ಕಿತು:
ಏಳೆಂಟು ವರ್ಷದ ಹುಡುಗಿ, ಕ್ಯಾಮೆರಾ ಮರೆತು
ತಿರುಗಿ ನಿಂತಿದ್ದಾಳೆ, ಎರಡು ಜಡೆ ಮಾತ್ರ ಕಾಣುತ್ತದೆ,
ಒಂದು ಕೈ ಎಲೆಯ ಕಡೆಗೆ ಎತ್ತಿದೆ.
ಯಾರೆಂದು ಇಂದ್ರಾಣಮ್ಮನಿಗೂ ಗೊತ್ತಿಲ್ಲ.
ಹಿಂಬದಿಯಲ್ಲಿ, ಪೆನ್ಸಿಲ್ಲಿನಲ್ಲಿ, ಮಾವನವರ ಅಕ್ಷರ:
ಕೆಟ್ಟಿದೆ. ಮತ್ತೆ ತೆಗೆಯಬೇಕು.