ಹೊರೆ ನಿಲ್ಲುವವರೆಗೆ

ಗ್ದೀನಿಯಾ, ಒಬ್ವುಜೆ ಬಡಾವಣೆ, ಒಂಬತ್ತನೆಯ ಮಹಡಿ.
ಲಿಫ್ಟು ಕೆಟ್ಟಿತ್ತು. ಪೆಟ್ಟಿಗೆ ಹೊತ್ತು ಹತ್ತಿದೆ.
ಬಾಗಿಲು ತೆರೆದ ಗೆನೊವೆಫಾ ಕ್ರೆಫ್ಟ್
ನನ್ನ ಏದುಸಿರನ್ನು ಒಂದಷ್ಟು ಹೊತ್ತು ಆಲಿಸಿ,
“ಹಡಗುಕಟ್ಟೆಯ ಕ್ರೇನಿಗೆ
ಮೂವತ್ತೊಂದು ವರ್ಷ ಹತ್ತಿದ್ದೇನೆ. ಏಣಿಯಲ್ಲಿ,” ಎಂದಳು.
ನೀರು ಕೊಡಲಿಲ್ಲ.

ಬಿಚ್ಚಿದೆ: ಕಪ್ಪು ತಟ್ಟೆ, ಅದರ ಬಟ್ಟಲಲ್ಲಿ
ಕಿತ್ತಳೆ ಗಾತ್ರದ ಕೆಂಪು ಚೆಂಡು,
ಅಕ್ಕಪಕ್ಕ ಅಂಗೈಯಗಲದ ಎರಡು ಗುಂಡಿ.
ಎಲ್ಲರ ಮನೆಯಲ್ಲೂ ಆಡುವ ಮಾತು ಶುರುಮಾಡಿದೆ:
ಭೂಮಿಯನ್ನೇ ಉರುಳಿಸಿದ ಹಾಗೆ, ನೋಡಿ...
“ಚೆಂಡು ಅನ್ನು, ಸಾಕು.”

ಬಲಗೈ ಮಡಿಲಲ್ಲಿತ್ತು,
ಯಾರೋ ಈಗ ಬಂದೆ ಎಂದು ಬಿಟ್ಟುಹೋದ ಸಾಮಾನಿನಂತೆ.
ಎಡಗೈಗೆ ನಡುಕ.

ತಂತಿ ಸಿಕ್ಕಿಸಿದೆ. ಟಿಣ್ ಎಂದಿತು ಕಂಪ್ಯೂಟರು.
ಚೆಂಡು ಹೊರಳಿತು, ಬಾಣ ಮಿಸುಕಲಿಲ್ಲ.
ಬೇರೆ ತೂತು. ಮತ್ತದೇ ಟಿಣ್.
ಡ್ರೈವರ್ ಕಿತ್ತೆಸೆದು, ಮರಳಿ ಕೂರಿಸಿ,
ಆರಿಸಿ, ಹೊತ್ತಿಸಿ, ಮುಕ್ಕಾಲು ಗಂಟೆ;
ಕೊನೆಗೆ ಚೆಂಡೆತ್ತಿ ನೋಡಿದರೆ ಒಳಗಣ್ಣಿನ ಮೇಲೆ
ಕಾರ್ಖಾನೆಯವರು ಅಂಟಿಸಿದ ತೆಳ್ಳನೆ ಚೀಟಿ
ಹಾಗೇ ಇದೆ. ಮೊದಲೇ ಸುಲಿಯಬೇಕಾದವನು ನಾನು.
ಆಕೆ ಕಂಡಳು; ಕಾಣದವಳ ಹಾಗೆ
ಬೆಕ್ಕನ್ನು ಕರೆದಳು: ಶ್ರೂಬಾ!
ಎಂದರೆ ತಿರುಪುಮೊಳೆ.

ಈಗ ಬಾಣಕ್ಕೆ ಜೀವ ಬಂತು, ಜಗಳವೂ ಬಂತು.
“ಮುಂದೆ ತಳ್ಳಿದರೆ ಇಳಿಯಬೇಕು. ಎಳೆದರೆ ಏರಬೇಕು.
ಇದನ್ನು ಮಾಡಿದವನು ಲಿವರ್ ಹಿಡಿದಿದ್ದಾನಾ?”
ಎತ್ತು ಏರಿಗೆ, ಕೋಣ ನೀರಿಗೆ.
ಮೂರನೆಯ ಪುಟದ ಅಡಿಯಲ್ಲಿ ಅಡಗಿದ್ದ
ಒಂದು ಚೌಕಕ್ಕೆ ಗುರುತು ಹಾಕಿ ದಿಕ್ಕು ತಿರುಗಿಸಿದೆ.
ಆಕೆಗೆ ಸರಿಹೋಯಿತು, ನನಗೆ ತಲೆಕೆಳಗು.

ಸೋತ ಕೈಯೆಂದು ವೇಗ ಏರಿಸಿಟ್ಟಿದ್ದೆ.
ಬೆರಳು ಮುಟ್ಟಿದರೆ ಸಾಕು, ಬಾಣ
ಈ ಅಂಚಿಗೆ ಬಡಿದು ಆ ಅಂಚಿಗೆ.
“ಜೋರು ಬೇಕೆಂದು ಕೇಳಿದ್ದು ಯಾರು?
ನಲವತ್ತು ಟನ್ನಿನ ತಗಡು, ಕಡಲಗಾಳಿ, ತೂಗುತ್ತದೆ.
ಕೆಳಗೆ ಜನ. ಇಳಿಸುವುದಿಲ್ಲ.
ನಿಲ್ಲುವವರೆಗೆ ಕಾಯುವುದು,
ಆಮೇಲೆ ಬೆರಳಗಲ, ಮತ್ತೆ ಬೆರಳಗಲ.”
ವೇಗವನ್ನು ತಳಕ್ಕಿಳಿಸಿದೆ.
ನಡುಕ ಆ ನಿಧಾನದಲ್ಲಿ ಮುಳುಗಿಹೋಯಿತು.

ಉಳಿದದ್ದು ಎರಡು ಸಲ ಒತ್ತುವ ಕೆಲಸ:
ಮೊದಲನೆಯದು ಬಿತ್ತು, ಎರಡನೆಯದಕ್ಕೆ
ಕೈ ಎಲ್ಲೋ, ಗುಂಡಿ ಎಲ್ಲೋ;
ಕೈಗೆ ಬಂದ ತುತ್ತು ಬಾಯಿಗಿಲ್ಲ.
ಬಲಗುಂಡಿಗೆ ಹೇಳಿಕೊಟ್ಟೆ, ಒಂದೇ ಒತ್ತಿಗೆ ಎರಡೆಂದು ಎಣಿಸಲು.
ಎಡಗುಂಡಿ: ಒತ್ತಿದರೆ ಹಿಡಿ, ಮತ್ತೆ ಒತ್ತಿದರೆ ಬಿಡು.
“ಕೊಕ್ಕೆ,” ಎಂದಳು.
ಕೈಪಿಡಿಯಲ್ಲಿ ಬೇರೇನೋ ಹೆಸರಿದೆ. ಈಗ ನೆನಪಿಲ್ಲ.

ವಾರದ ಮೇಲೆ ಫೋನು:
“ನಿನ್ನ ಚೆಂಡು ಎಡಕ್ಕೆ ಮಾತ್ರ ಹೋಗುತ್ತದೆ.”
ಚೆಂಡು ಕೂರುವ ಮೂರು ಸಾಸಿವೆ ಮಣಿಗಳಿಗೆ
ಸುತ್ತಿಕೊಂಡಿತ್ತು ಶ್ರೂಬಾಳ ಕೂದಲು.
ಆಕೆ ಆಗಲೇ ಊಹಿಸಿ ಬೆಂಕಿಕಡ್ಡಿ ತೆಗೆದಿಟ್ಟಿದ್ದಳು;
ಒಂಟಿಗೈಯಲ್ಲಿ ಚೆಂಡು ಎತ್ತಲಾಗಿರಲಿಲ್ಲ, ಅಷ್ಟೆ.
ತಟ್ಟೆಯನ್ನು ಟವೆಲಿನ ಮೇಲೆ ಕವುಚಿ
ಮೊಣಕೈಯಿಂದ ಬಳೆ ತಿರುಗಿಸಿ, ಎಂದೆ.
ತಿರುಗಿಸಿದಳು. ಚೆಂಡು ಜಿಗಿದು ಫ್ರಿಜ್ಜಿನ ಅಡಿಗೆ,
ಅದರ ಹಿಂದೆ ಬೆಕ್ಕು, ಬೆಕ್ಕಿನ ಹಿಂದೆ
ಪೊರಕೆ ಹಿಡಿದು ಹೊಟ್ಟೆಯ ಮೇಲೆ ನಾನು.
ಅಂದು ಚಹಾ ಸಿಕ್ಕಿತು.

ಪರದೆಯ ತುಂಬ ಕಡಲಿನ ನಕ್ಷೆ, ಹಡಗುಗಳು ಹಸಿರು ಚುಕ್ಕಿ.
ಕೊಕ್ಕೆ ಹಾಕಿ ಅಟ್ಲಾಂಟಿಕ್ಕನ್ನು ಎಳೆಯುತ್ತಿದ್ದಳು.
ಯಾವುದು ಬೇಕು?
“ಎಂಬತ್ತಾರರಲ್ಲಿ ನಾನು ಎತ್ತಿಕೊಟ್ಟ ಮೂತಿ.
ಮೂರು ಸಲ ಹೆಸರು ಬದಲಾಗಿದೆ.”
ಒಂದು ಚುಕ್ಕಿಯ ನೆತ್ತಿಗೆ ಬಾಣ ತಂದಳು.
ಒತ್ತಲಿಲ್ಲ.
ಗುಂಡಿ ಕಚ್ಚಿಕೊಂಡಿತೇನೋ ಎಂದು ಕೈ ಚಾಚಿದೆ.
“ತೆಗಿ ಕೈ. ಇನ್ನೂ ತೂಗುತ್ತಿದೆ.”

ನನಗೆ ಕಂಡಮಟ್ಟಿಗೆ
ಬಾಣ ಕದಲದೆ ನಿಂತಿತ್ತು.