ನೊರೆ ಬಾರದ ಲೋಟ

ಬಲ್ಲಾರ್ಡ್ ಪಿಯರಿನ ಕ್ಯಾಂಟೀನಿನಲ್ಲಿ ಮೂವತ್ತೊಂದು ವರ್ಷ
ನಾನು ಶೀನ ಅಲ್ಲ, 'ಏ ಚಾಯ್'.
ಬೆಳಗಿನ ನಾಲ್ಕಕ್ಕೆ ಸ್ಟವ್ ಹೊತ್ತಿಸಿದರೆ
ಪುಡಿಯ ಹಬೆ ಮೂಗಿನೊಳಗೆ ಗೂಡು ಕಟ್ಟಿ
ಮಲ್ಲಿಗೆಯೂ ಚಾ, ಬಂಗುಡೆಯೂ ಚಾ,
ವಾರಿಜಳ ತಲೆಯ ಎಣ್ಣೆಯೂ ಚಾ.

ಡಾಕ್ಟರ್ ಕೋಠಾರೆ ಚೀಟಿಯಲ್ಲಿ ಬರೆದದ್ದು ಒಂದೇ ಸಾಲು:
ಚಾ ಕಾಫಿ ಬಂದ್.
ಎದೆಯೊಳಗಿನ ಸ್ಲೋ ಗಾಡಿ
ಹೇಳದೆ ಕೇಳದೆ ಫಾಸ್ಟ್ ಆಗಿಬಿಟ್ಟಿದೆಯಂತೆ,
ನಿಲ್ಲಬೇಕಾದ ಸ್ಟೇಷನ್ನುಗಳನ್ನೆಲ್ಲ ದಾಟಿ.

ಹನ್ನೊಂದು ದಿನ ತಲೆ ಸಿಡಿಯಿತು.
ಹನ್ನೆರಡನೆಯ ದಿನ ಎದುರು ಮನೆಯ ಪಾಟಣಕರ್ ಬಾಯಿ
ಒಂದು ಹಿಡಿ ಹುಲ್ಲು ತಂದುಕೊಟ್ಟರು, ಬೇರು ಸಮೇತ.
ಗವತಿ ಚಹಾ, ಅಂದರು ಅವರು.
ನಮ್ಮ ಮಜ್ಜಿಗೆಹುಲ್ಲು, ಅಂದಳು ವಾರಿಜ.
ನಾನೇನೂ ಅನ್ನಲಿಲ್ಲ.
ಹುಲ್ಲು ಮೇಯುವ ಕಾಲವೂ ಬಂತು, ಅಂದುಕೊಂಡೆ.

ಕಿಟಕಿಯ ಗ್ರಿಲ್ಲಿನಲ್ಲಿ, ಎಣ್ಣೆ ಡಬ್ಬಿಯೊಳಗೆ
ಡೊಂಬಿವಲಿಯ ಧೂಳಿಗೂ ಜಗ್ಗದೆ ಬೆಳೆಯಿತು.
ಕೀಳಹೋದರೆ ಬೆರಳು ಕೊಯ್ಯಿತು.
ಪರವಾಗಿಲ್ಲ, ಇದಕ್ಕೂ ಹರಿತ ಇದೆ.

ನಾಲ್ಕು ಎಲೆ ಮಡಚಿ ಗಂಟು ಹಾಕಿ,
ಹುರಿದ ಕೊತ್ತಂಬರಿ ಅರ್ಧ ಚಮಚ, ಜಜ್ಜಿದ ಶುಂಠಿ,
ನೀರು ಕುದಿ ಬಂದದ್ದೇ ಒಲೆ ಆರಿಸಿ ಮುಚ್ಚಬೇಕು.
ಆಮೇಲೆ ಕಾಯಬೇಕು.
ಅದೇ ಕಷ್ಟ. ನನ್ನ ಕೌಂಟರಿನಲ್ಲಿ
ಗುಮಾಸ್ತ ಕಾದವನಲ್ಲ, ಹಮಾಲಿ ಕಾದವನಲ್ಲ,
ಹಡಗು ಮೊದಲೇ ಕಾಯುತ್ತಿರಲಿಲ್ಲ.
ಈಗ ಮುಚ್ಚಳದಡಿ ನೀರು
ತನ್ನ ಪಾಡಿಗೆ ಬಣ್ಣ ತೆಗೆದುಕೊಳ್ಳುತ್ತದೆ,
ಗಂಜಿತಿಳಿಗೆ ಅರಸಿನದ ಬೆರಳು ತಾಗಿದಷ್ಟು.
ಕಲ್ಯಾಣದ ಕಡೆಗೆ ಒಂದು ಗಾಡಿ ಹೋಗುತ್ತದೆ,
ಪಾತ್ರೆ ಸಣ್ಣಗೆ ನಡುಗುತ್ತದೆ, ನಿಲ್ಲುತ್ತದೆ.

ಮೊನ್ನೆ ಭಾನುವಾರ ಟಾಂಡೇಲ್ ಬಂದ, ಕ್ರೇನಿನವನು.
ಲೋಟ ಕೈಗಿಟ್ಟೆ.
ಒಂದು ಗುಟುಕು ಕುಡಿದ,
ಲೋಟದೊಳಗೆ ನೋಡಿದ, ನನ್ನ ಮುಖ ನೋಡಿದ.
"ಶೀನಾ, ಹಾಲು ಮರೆತೆ. ಪುಡಿಯನ್ನೂ ಮರೆತೆ."
ತುಂಬ ಹೊತ್ತು ಗ್ರಿಲ್ಲಿನ ಹುಲ್ಲನ್ನೇ ನೋಡುತ್ತ ಕೂತ.
ಆಮೇಲೆ ಮೆಲ್ಲಗೆ, "ಇನ್ನೊಂದು ಕಟಿಂಗ್ ಇದೆಯಾ?"

ಹೊಯ್ಯುವಾಗ ಕೈ ತಾನಾಗಿ ಎದ್ದಿತು, ತಲೆಯೆತ್ತರಕ್ಕೆ,
ಹಳೆಯ ಚಟ.
ಒಂದು ಮೊಳ ಉದ್ದದ ಎಳೆ ಹರಿಯದೆ ಇಳಿಯಿತು.
ನೊರೆ ಬರಲಿಲ್ಲ.
ಹುಲ್ಲಿನ ಪರಿಮಳ ಬಂತು,
ಅದರ ಬೆನ್ನಿಗೇ, ಬಾಗಿಲ ಬಳಿ ನಿಂತ ವಾರಿಜಳಿಂದ
ತೆಂಗಿನೆಣ್ಣೆ.
ಬರೀ ತೆಂಗಿನೆಣ್ಣೆ.