ಸವೆತದ ಲೆಕ್ಕ

ಕೌಲ್ ಬಜಾರಿನ ಗಲ್ಲಿಯೊಳಗೆ
ದತ್ತೋಬಾ ಮಹೇಂದ್ರಕರರ ಜೀನ್ಸ್ ಕಾರ್ಖಾನೆ.
ಮಹಡಿಯಲ್ಲಿ ನಾನು, ನನ್ನ ಫ್ಯಾನು, ನನ್ನ ಖಾತೆಪುಸ್ತಕ.
ಕೆಳಗೆ ಮೂವತ್ತೆರಡು ಮಷಿನ್ನು ಒಟ್ಟಿಗೆ ಗೊಣಗಿದರೆ
ಮೇಜಿನ ಮೇಲಿನ ಚಹಾದಲ್ಲೂ ಸಣ್ಣ ಅಲೆ.

ಒಂದು ಸಂಜೆ ಬಂದು ಕೂತರು,
ಕೈಯಲ್ಲಿ ನುಣುಪು ಕಾಗದದ ಪುಸ್ತಕ.
ಕರಿ ಕಾರು, ಜರ್ಮನಿಯದು.
“ಎಂಬತ್ತು ಲಕ್ಷ ಐತಿ. ಕೊಳ್ಳಲೋ, ಲೀಜಿಗೆ ತರಲೋ?
ನೀವೇ ಹೇಳ್ರಿ.”

ನಡುವೆ ಗೀಟು ಎಳೆದೆ.
ಕೊಂಡರೆ, ಶೋರೂಮಿನ ಗೇಟು ದಾಟುವಾಗಲೇ
ಒಂದು ಮದುವೆಯ ಖರ್ಚು ಹಿಂದೆ ಉದುರಿರುತ್ತದೆ.
ಪುಸ್ತಕದಲ್ಲಿ ವರ್ಷಕ್ಕೆ ನೂರಕ್ಕೆ ಹದಿನೈದು:
ಎಂಬತ್ತು ಅರವತ್ತೆಂಟಾಗಿ, ಅದು ಐವತ್ತೇಳು ಚಿಲ್ಲರೆಯಾಗಿ,
ಮೂರನೇ ಮಾರ್ಚಿಗೆ ನಲವತ್ತೊಂಬತ್ತು.
ಇಳಿಯುತ್ತಲೇ ಇರುತ್ತದೆ, ಸೊನ್ನೆ ಮಾತ್ರ ಮುಟ್ಟುವುದಿಲ್ಲ.
ಅವರಪ್ಪನ ಕಾಲುಮಷಿನ್ನು
ಇಂದಿಗೂ ನನ್ನ ಪಟ್ಟಿಯಲ್ಲಿ
ಹನ್ನೊಂದು ರೂಪಾಯಿಗೆ ಬದುಕಿದೆ,
ಮೂಲೆಯಲ್ಲಿ ಕೂತು ಸೊಂಟಪಟ್ಟಿ ಹೊಲಿಯುತ್ತದೆ.

ಲೀಜು ಅಂದರೆ ನಮ್ಮೂರಿನಲ್ಲಿ ಗುಡ್ಡ.
ತೆಗೆದುಕೊಳ್ಳುವಾಗ ಗುಡ್ಡ,
ವಾಪಸು ಕೊಡುವಾಗ ಗುಂಡಿ.
ದತ್ತೋಬಾ ನಕ್ಕರು ಈ ಮಾತಿಗೆ, ಸ್ವಲ್ಪ ತಡವಾಗಿ.
ಕಾರಿನದು ಹಾಗಲ್ಲ, ಅಂದೆ. ಮೂರು ವರ್ಷ, ತಿಂಗಳಿಗೆ ಇಷ್ಟು;
ಇಳಿಯುವ ಬೆಲೆ ಅವರ ತಲೆನೋವು, ಕೀಲಿ ಮಾತ್ರ ನಮ್ಮದು.
ನಮ್ಮಜ್ಜಿ ಇಂಥದಕ್ಕೆ ಭೋಗ್ಯ ಅನ್ನುತ್ತಿದ್ದಳು,
ಸುಖಕ್ಕೂ ಅದೇ ಪದ, ಒತ್ತೆಗೂ ಅದೇ.

ಲೀಜಿಗೇ ಬಂತು.
ಚಕ್ರದಡಿ ನಿಂಬೆಹಣ್ಣು, ಮೂತಿಗೆ ಅರಿಶಿನ.
ಇನ್ನೊಬ್ಬರ ಗಾಡಿಗೆ ಮಾಡಿದ ಪೂಜೆ
ಯಾವ ಖರ್ಚೆಂದು ನಾನು ಕೇಳಲಿಲ್ಲ.

ಕರಾರಿನಲ್ಲಿ ಓಟಕ್ಕೂ ಮಿತಿ ಇತ್ತು:
ನಲವತ್ತೈದು ಸಾವಿರ ದಾಟಿದರೆ ಕಿಲೋಮೀಟರಿಗಿಷ್ಟು ದಂಡ.
ಹಾಗಾಗಿ ಆದೋನಿಗೆ, ಗುಂತಕಲ್ಲಿಗೆ ಹೋದದ್ದೆಲ್ಲ
ಹಳೇ ಗೂಡ್ಸ್ ಆಟೋದಲ್ಲೇ, ಡ್ರೈವರನ ಪಕ್ಕ,
ಮಡಿಲಲ್ಲಿ ಜಿಪ್ಪಿನ ಮೂಟೆ.
ಕಾರು ಮದುವೆಗಳಿಗೆ ಹೋಗುತ್ತಿತ್ತು. ಬ್ಯಾಂಕಿಗೆ ಹೋಗುತ್ತಿತ್ತು.
ಸಂಡೂರ ಕಡೆಯ ಕೆಂಧೂಳು ಮೇಲೆ ಕೂತರೆ
ತಾವೇ ಒರೆಸುವರು ದತ್ತೋಬಾ,
ಪರರ ಕೂಸಿನ ಮೂಗು ಒರೆಸಿದ ಹಾಗೆ.

ಅವಧಿ ಮುಗಿಯಿತು. ಹುಬ್ಬಳ್ಳಿಯಿಂದ ಒಬ್ಬ ಹುಡುಗ ಬಂದ,
ಟಾರ್ಚು, ಟೇಪು, ಮೊಬೈಲು.
ಬಾಗಿಲಿನ ಅಂಚು ನೋಡಿದ, ಗೀರಿಗೆ ಬೆರಳಿಟ್ಟ,
ಹಿಂದಿನ ಸೀಟಿನಲ್ಲಿ ನಿಂತುಬಿಟ್ಟಿತು ಟಾರ್ಚು.
ಕೆನೆಬಣ್ಣದ ಚರ್ಮದ ಮೇಲೆ ನೀಲಿ,
ಒಬ್ಬರು ಕೂತಷ್ಟೇ ಅಗಲ.

ದತ್ತೋಬಾ ಬಾಯಿ ಬಿಡಲಿಲ್ಲ. ನನಗೆ ಗೊತ್ತಿತ್ತು:
ಖೈರುನ್ನಿಸಾಳ ಅಂಗೈಗೆ ಗ್ರೈಂಡರು ಹತ್ತಿದ ರಾತ್ರಿ
ಗೂಡ್ಸ್ ಆಟೋ ಊರಲ್ಲಿರಲಿಲ್ಲ.
ವಿಮ್ಸ್ ಆಸ್ಪತ್ರೆಯವರೆಗೂ ಕೈಯನ್ನು ಎದೆಗೊತ್ತಿಕೊಂಡು
ಆಕೆ ಹೇಳುತ್ತಿದ್ದದ್ದು ಒಂದೇ:
“ಸೀಟು ಹೊಲಸಾಗ್ತದ್ರಿ, ನಾ ಕೆಳಗ ಕೂಡ್ತೀನಿ.”
ರಕ್ತ ಒರೆಸಿದರೆ ಹೋಯಿತು.
ದಿನವಿಡೀ ಬಟ್ಟೆಗೆ ಹತ್ತಿದ ನೀಲಿ ಹೋಗಲಿಲ್ಲ.

‘ಅತಿಯಾದ ಸವೆತ’ ಎಂದು ಬರೆದ ಹುಡುಗ:
ಐವತ್ತೆರಡು ಸಾವಿರ.

ಅದೇ ಹೊತ್ತಿಗೆ ಕೆಳಗೆ ಖೈರುನ್ನಿಸಾ
ಹೊಸ ಪ್ಯಾಂಟಿನ ಮೊಣಕಾಲಿಗೆ ಉಪ್ಪುಕಾಗದ ತಿಕ್ಕುತ್ತ
ಹತ್ತು ವರ್ಷದ ಬದುಕು ಹಚ್ಚುತ್ತಿದ್ದಳು.
ಪೀಸಿಗೆ ಒಂಬತ್ತು ರೂಪಾಯಿ.
ಸವೆದಷ್ಟೂ ಮುಂಬೈಯಲ್ಲಿ ರೇಟು.
ಆ ಹುಡುಗನೂ ತೊಟ್ಟಿದ್ದ ಅಂಥದೇ ಒಂದು,
ಎರಡೂ ಮಂಡಿ ಹರಿದದ್ದು.

ದಂಡ ಯಾವ ಖಾತೆಗೆ ಹಾಕಲಿ, ಕೇಳಿದೆ.
“ಬಣ್ಣದ ಖರ್ಚು ಅಂತ ಬರೀರಿ,”
ಕೀಲಿಯಿಲ್ಲದ ಕಿಸೆ ಮುಟ್ಟಿ ನೋಡಿಕೊಂಡು
ಮೆಟ್ಟಿಲಿಳಿದರು.
ಹೊರಗೆ ಗೂಡ್ಸ್ ಆಟೋ ಹಾರ್ನು ಹೊಡೆಯುತ್ತಿತ್ತು.